ಬಿಸಿಲು ಪುಕ್ಕಟೆ, ಕಂತು ಮಾತ್ರ ತಿಂಗಳು ತಿಂಗಳು

ದಾವಣಗೆರೆ: ಬಿಸಿಲಿನ ವಿಷಯದಲ್ಲಿ ಈ ಊರಿಗೆ ಬಡತನವೆಂಬುದಿಲ್ಲ. ಮಾರ್ಚ್ ಬಂತೆಂದರೆ ಅಶೋಕ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತದೆ. ಚೌಕಿಪೇಟೆ, ಮಂಡಿಪೇಟೆಯ ಅಂಗಡಿಕಾರರು ಮಧ್ಯಾಹ್ನ ಗಿರಾಕಿಗಳನ್ನು ಕಾಯುವುದಕ್ಕಿಂತ ಫ್ಯಾನಿನ ಗಾಳಿಯನ್ನೇ ಹೆಚ್ಚು ಕಾಯುತ್ತಾರೆ. ಇಂಥ ಊರಿನಲ್ಲಿ ಮಾಳಿಗೆಯ ಮೇಲೆ ಸುಮ್ಮನೆ ಬಿದ್ದು ಹೋಗುವ ಬಿಸಿಲನ್ನು ಹಿಡಿದು ಕರೆಂಟು ಮಾಡಿಕೊಂಡರೆ ಬೆಸ್ಕಾಂ ಬಿಲ್ಲೇ ಬರುವುದಿಲ್ಲವಂತೆ ಎಂಬ ಮಾತು ಹರಿಹರ ಬಸ್ಸಿನ ಹಿಂದಿನ ಸೀಟಿನಿಂದ ಹಿಡಿದು ಬೆಣ್ಣೆ ದೋಸೆ ಹೋಟೆಲಿನ ಬೆಂಚಿನವರೆಗೆ ಓಡಾಡುತ್ತಿದೆ.

"ಸರ್ಕಾರ 78 ಸಾವಿರ ಕೊಡ್ತದಂತಲ್ರೀ, ಹಾಕಿಸಿಬಿಡೋಣ" ಎನ್ನುವವರೊಬ್ಬರು. "ಇರೋ ಕರೆಂಟೇ ಪುಕ್ಕಟೆ ಬರ್ತಿರುವಾಗ ಸಾಲ ಮಾಡಿ ಪ್ಯಾನೆಲ್ ಯಾಕ್ರೀ ಬೇಕು?" ಎನ್ನುವವರು ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಆದರೆ ಇಬ್ಬರೂ ಅರ್ಧ ಲೆಕ್ಕ ಮಾತ್ರ ಹಾಕಿದ್ದಾರೆ. ಉಳಿದರ್ಧ ಲೆಕ್ಕದಲ್ಲಿಯೇ ಲಾಭವೂ ಇದೆ, ಕುತ್ತೂ ಇದೆ.

ದಿಲ್ಲಿಯ ಕೈ, ಬೆಂಗಳೂರಿನ ಕೈ

ಮೊದಲು ಯೋಜನೆಯ ವಿಚಾರ. ಕೇಂದ್ರ ಸರ್ಕಾರ 2024ರ ಫೆಬ್ರವರಿಯಲ್ಲಿ 'ಪಿಎಂ ಸೂರ್ಯಘರ್' ಎಂಬ ಯೋಜನೆ ಹೊರಡಿಸಿತು. ದೇಶದ ಒಂದು ಕೋಟಿ ಮನೆಗಳ ಮಾಳಿಗೆಗೆ ಸೋಲಾರ್, ಅದಕ್ಕೆ 75,021 ಕೋಟಿ ರೂಪಾಯಿ ಎಂದು ಗೊತ್ತು ಮಾಡಿತು. ಮೊದಲ ಎರಡು ಕಿಲೋವಾಟ್‌ಗೆ ತಲಾ 30 ಸಾವಿರ, ಮೂರನೆಯದಕ್ಕೆ 18 ಸಾವಿರ, ಒಟ್ಟು 78 ಸಾವಿರ ಸಬ್ಸಿಡಿ. ಅಲ್ಲಿಗೆ ಮುಗಿಯಿತು. ಐದು ಕಿಲೋವಾಟ್ ಹಾಕಿಸಿದರೂ ಅಷ್ಟೆ, ಹತ್ತು ಹಾಕಿಸಿದರೂ ಅಷ್ಟೆ. ಯೋಜನೆಯ ಅವಧಿ 2026-27ರ ಆರ್ಥಿಕ ವರ್ಷದವರೆಗೆ.

ರಾಜ್ಯ ಸರ್ಕಾರ ಇದಕ್ಕೂ ಮೊದಲೇ, 2023ರ ಜುಲೈ 1ರಿಂದ, 'ಗೃಹಜ್ಯೋತಿ' ಹಚ್ಚಿತು. 2022-23ರಲ್ಲಿ ಮನೆ ಬಳಸಿದ ಸರಾಸರಿ ಯೂನಿಟ್, ಅದರ ಮೇಲೆ ನೂರಕ್ಕೆ ಹತ್ತು, ಒಟ್ಟು 200 ಯೂನಿಟ್ ಮೀರದಂತೆ ಪುಕ್ಕಟೆ. ಬಾಡಿಗೆ ಮನೆಯವರಿಗೂ ಉಂಟು. 200 ದಾಟಿತೋ, ಪೂರಾ ಬಿಲ್ಲು ಕಟ್ಟಬೇಕು.

ಒಂದು ಕೈ 'ಪ್ಯಾನೆಲ್ ಹಾಕಿಸು, ಬಿಲ್ಲು ಸೊನ್ನೆ ಮಾಡಿಕೋ' ಎನ್ನುತ್ತದೆ. ಇನ್ನೊಂದು ಕೈ 'ಏನೂ ಹಾಕಿಸಬೇಡ, ಬಿಲ್ಲು ಈಗಲೇ ಸೊನ್ನೆ' ಎನ್ನುತ್ತದೆ. ಎರಡೂ ಜನರ ಒಳ್ಳೆಯದಕ್ಕೇ ಇರಬಹುದು. ಆದರೆ ನಿಟ್ಟುವಳ್ಳಿಯ ಸಂಸಾರಸ್ಥ ಯಾವ ಕೈ ಹಿಡಿಯಬೇಕು? ಪುಕ್ಕಟೆ ಸಿಗುವುದನ್ನು ಬಿಟ್ಟು ಸಾಲದ ಅರ್ಜಿ ತುಂಬುವ ಪೈಕಿ ಯಾರೂ ಇಲ್ಲ. ಗುಜರಾತಿನಂಥ ರಾಜ್ಯಗಳು ಮಾಳಿಗೆ ಸೋಲಾರಿನಲ್ಲಿ ಮುಂದೆ ಓಡುತ್ತಿರುವಾಗ, ಬಿಸಿಲಿಗೆ ಬರವಿಲ್ಲದ ಕರ್ನಾಟಕ ಹಿಂದೆ ಉಳಿದಿರುವುದಕ್ಕೆ ಇದೊಂದು ದೊಡ್ಡ ಕಾರಣ.

ಯಾರಿಗೆ ಲಾಭ, ಯಾರಿಗೆ ಇಲ್ಲ

ಹಾಗಾದರೆ ಲೆಕ್ಕಕ್ಕೆ ಬರೋಣ. ಪೆನ್ನು ಹಿಡಿದು ಕೂತರೆ ಹತ್ತು ನಿಮಿಷದ ಕೆಲಸ.

ತಿಂಗಳಿಗೆ 120ರಿಂದ 150 ಯೂನಿಟ್ ಬಳಸುವ ಮನೆಗೆ ಗೃಹಜ್ಯೋತಿ ಇದೆ. ಇವರು ಸೋಲಾರ್ ಹಾಕಿಸಿದರೆ ಉಳಿಯುವುದು ಏನೂ ಇಲ್ಲ, ಏಕೆಂದರೆ ಕಟ್ಟುತ್ತಿರುವುದೇ ಏನೂ ಇಲ್ಲ. ಹೆಚ್ಚಾದ ಕರೆಂಟು ಬೆಸ್ಕಾಂಗೆ ಮಾರಬಹುದು, ನಿಜ. ಆದರೆ ಅದಕ್ಕೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಎಷ್ಟೋ ಕಡಿಮೆ. ಸಬ್ಸಿಡಿ ಪಡೆದವರಿಗೆ ಇನ್ನೂ ಕಡಿಮೆ. ಇಂಥವರು ಈಗ ಏಜೆಂಟರ ಮಾತು ಕೇಳಿ ಸಾಲಕ್ಕೆ ಬೀಳುವುದು ತರವಲ್ಲ.

ಇನ್ನು ವಿದ್ಯಾನಗರದಲ್ಲೋ ಎಂ.ಸಿ.ಸಿ. 'ಬಿ' ಬ್ಲಾಕಿನಲ್ಲೋ ಸ್ವಂತ ಮನೆ. ಎರಡು ಫ್ರಿಜ್ಜು, ಒಂದು ಎ.ಸಿ., ಗ್ರೈಂಡರು, ಬೋರಿನ ಮೋಟಾರು. ತಿಂಗಳಿಗೆ 350 ಯೂನಿಟ್. ಮಂಜೂರಾದ ಲೋಡು 3 ಕಿಲೋವಾಟ್ ಎಂದಿಟ್ಟುಕೊಳ್ಳಿ. 2025-26ರ ದರಪಟ್ಟಿಯಂತೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಅಂದರೆ 2,030 ರೂಪಾಯಿ. ನೌಕರರ ಪಿಂಚಣಿ ಬಾಬ್ತು ಯೂನಿಟ್ಟಿಗೆ 36 ಪೈಸೆ, ಅದು 126. ನೂರಕ್ಕೆ 9ರಂತೆ ತೆರಿಗೆ, ಸುಮಾರು 183. ಕಿಲೋವಾಟ್‌ಗೆ 145ರಂತೆ ನಿಗದಿತ ಶುಲ್ಕ 435. ಒಟ್ಟು 2,774 ರೂಪಾಯಿ ಆಸುಪಾಸು. ಇಂಧನ ಹೊಂದಾಣಿಕೆ ಬಾಬ್ತು ತಿಂಗಳಿಗೊಂದು ಥರ ಏರಿಳಿಯುತ್ತದೆ, ಅದನ್ನು ಬಿಡಿ.

ಈ ಮನೆಯ ಮಾಳಿಗೆಗೆ 3 ಕಿಲೋವಾಟ್ ಪ್ಯಾನೆಲ್ ಹಾಕಿದರೆ ಒಂದೊಂದು ಕಿಲೋವಾಟೂ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ತಿಂಗಳಿಗೆ 360. ಆದರೆ ಈ ಊರಿನ ಧೂಳು, ಆಷಾಢದ ಮೋಡ, ಪಕ್ಕದ ಮನೆಯ ನೆರಳು ಎಲ್ಲ ಕಳೆದು 300 ಎಂದು ಹಿಡಿಯುವುದೇ ಜಾಣತನ. 300 ಯೂನಿಟ್ ಉಳಿದರೆ ಯೂನಿಟ್ ಹಣ, ಪಿಂಚಣಿ ಬಾಬ್ತು, ತೆರಿಗೆ ಸೇರಿ ತಿಂಗಳಿಗೆ ಹತ್ತಿರ ಹತ್ತಿರ 2,000 ರೂಪಾಯಿ ಉಳಿತಾಯ. 435ರ ನಿಗದಿತ ಶುಲ್ಕ ಮಾತ್ರ ಹೋಗುವುದಿಲ್ಲ. 'ಬಿಲ್ಲು ಪೂರ್ತಿ ಸೊನ್ನೆ' ಎಂದು ಹೇಳುವ ಏಜೆಂಟರು ಈ ಒಂದು ಸಾಲನ್ನು ಸಲೀಸಾಗಿ ಹಾರಿಸಿಬಿಡುತ್ತಾರೆ.

ಖರ್ಚು ಎಷ್ಟು? ಸರ್ಕಾರ ಸಬ್ಸಿಡಿ ಕಟ್ಟುವಾಗ 3 ಕಿಲೋವಾಟ್‌ಗೆ ಹಿಡಿದ ಲೆಕ್ಕ 1 ಲಕ್ಷ 45 ಸಾವಿರ. ಪೇಟೆಯ ಕೊಟೇಶನ್ ಸಾಮಾನ್ಯವಾಗಿ ಅದಕ್ಕಿಂತ ಮೇಲೆಯೇ. 1 ಲಕ್ಷ 90 ಸಾವಿರ ಎಂದೇ ಹಿಡಿಯಿರಿ. 78 ಸಾವಿರ ಕಳೆದರೆ ಕೈಯಿಂದ ಹೋಗುವುದು 1 ಲಕ್ಷ 12 ಸಾವಿರ. ವರ್ಷಕ್ಕೆ 24 ಸಾವಿರ ಉಳಿದರೆ ಐದು ವರ್ಷದೊಳಗೆ ಹಾಕಿದ ದುಡ್ಡು ವಾಪಸ್. ಪ್ಯಾನೆಲ್ಲಿನ ಆಯುಸ್ಸು 25 ವರ್ಷ. ಇನ್‌ವರ್ಟರ್ ಮಾತ್ರ ನಡುವೆ ಒಮ್ಮೆಯಾದರೂ ಬದಲಿಸಬೇಕಾದೀತು. ಆ ಖರ್ಚು ತೆಗೆದಿಟ್ಟರೂ ಲೆಕ್ಕ ಲಾಭದ ಕಡೆಗೇ ವಾಲುತ್ತದೆ. ಇಂಥ ಮನೆಯವರು ತಡ ಮಾಡುತ್ತಿರುವುದು ಯಾಕೆ ಎಂಬುದೇ ಪ್ರಶ್ನೆ.

ಸಾಲ ಎಂಬ ಏಣಿ, ಸಾಲ ಎಂಬ ಹಳ್ಳ

ಉತ್ತರ ಸರಳ. ಐದು ವರ್ಷದಲ್ಲಿ ವಾಪಸ್ ಬರುವ ದುಡ್ಡು ಇವತ್ತು ಕೈಯಲ್ಲಿ ಇರಬೇಕಲ್ಲ! ಮಗಳ ಕಾಲೇಜು ಫೀಸು, ಅಂಗಡಿಯ ಸರಕು, ಚೀಟಿ ಕಂತು ಎಲ್ಲ ಮುಗಿದ ಮೇಲೆ ಎರಡು ಲಕ್ಷ ಎಲ್ಲಿಂದ ಬರಬೇಕು? ಸಬ್ಸಿಡಿ ಮೊದಲೇ ಸಿಗುವುದಿಲ್ಲ. ಪ್ಯಾನೆಲ್ ಹಾಕಿ, ಬೆಸ್ಕಾಂನವರು ಬಂದು ನೋಡಿ, ನೆಟ್ ಮೀಟರ್ ಕೂರಿಸಿದ ಮೇಲೆ ಬ್ಯಾಂಕ್ ಖಾತೆಗೆ ಜಮಾ. ಅಲ್ಲಿಯವರೆಗೆ ಪೂರಾ ಹಣ ಗ್ರಾಹಕನ ತಲೆಯ ಮೇಲೆ.

ಇಲ್ಲಿಯೇ ಬ್ಯಾಂಕಿನ ಪಾತ್ರ. ಈ ಯೋಜನೆಯಡಿ 3 ಕಿಲೋವಾಟ್‌ವರೆಗೆ 2 ಲಕ್ಷ ರೂಪಾಯಿ ತನಕ ಅಡಮಾನವಿಲ್ಲದೆ ಸಾಲ ಕೊಡಲು ಸರ್ಕಾರಿ ಬ್ಯಾಂಕುಗಳಿಗೆ ಹೇಳಲಾಗಿದೆ. ಬಡ್ಡಿ ರಿಸರ್ವ್ ಬ್ಯಾಂಕಿನ ರೆಪೋ ದರಕ್ಕಿಂತ ಅರ್ಧ ಪಾಲು ಮೇಲೆ. 2024ರಲ್ಲಿ ಇದು ನೂರಕ್ಕೆ 7 ಇತ್ತು. 2025ರಲ್ಲಿ ರೆಪೋ ದರ ಹಂತ ಹಂತವಾಗಿ ಇಳಿದದ್ದರಿಂದ 6ರ ಆಸುಪಾಸಿಗೆ ಬಂತು. ಚಿನ್ನದ ಸಾಲವೂ ಇಷ್ಟು ಅಗ್ಗಕ್ಕೆ ಸಿಗುವುದು ಕಷ್ಟ.

ಮೇಲಿನ ಮನೆಯವರು ನೂರಕ್ಕೆ ಹತ್ತರಷ್ಟು, ಅಂದರೆ 19 ಸಾವಿರ, ಕೈಯಿಂದ ಹಾಕಿ 1 ಲಕ್ಷ 71 ಸಾವಿರ ಸಾಲ ತೆಗೆದರು ಎನ್ನಿ. ಸಬ್ಸಿಡಿಯ 78 ಸಾವಿರ ಬಂದ ಕೂಡಲೇ ಸಾಲಕ್ಕೇ ಜಮಾ ಮಾಡಿದರೆ ಉಳಿಯುವುದು 93 ಸಾವಿರ. ಅದಕ್ಕೆ ನೂರಕ್ಕೆ 6ರಂತೆ ಐದು ವರ್ಷದ ಕಂತು ತಿಂಗಳಿಗೆ 1,800 ರೂಪಾಯಿ. ಕರೆಂಟ್ ಬಿಲ್ಲಿನಲ್ಲಿ ಉಳಿಯುವುದು 2,000. ಅಂದರೆ ಬೆಸ್ಕಾಂಗೆ ಹೋಗುತ್ತಿದ್ದ ಹಣವೇ ಬ್ಯಾಂಕಿಗೆ ಹೋಗುತ್ತದೆ, ಐದು ವರ್ಷ ಕಳೆದ ಮೇಲೆ ಮನೆಯಲ್ಲೇ ಉಳಿಯುತ್ತದೆ. ಇದು ಏಣಿ.

ಈಗ ಹಳ್ಳದ ಕಥೆ. ಬ್ಯಾಂಕಿಗೆ ಅಲೆದು ಬೇಸತ್ತವರ ಮನೆಗೆ ಏಜೆಂಟರೇ ಸಾಲದ ಫಾರಂ ಹಿಡಿದು ಬರುತ್ತಾರೆ. "ಬರೇ ಒಂಬತ್ತು ಪರ್ಸೆಂಟ್ ಸಾರ್, ಒಂದೇ ದಿನದಲ್ಲಿ ಮಂಜೂರು" ಎನ್ನುತ್ತಾರೆ. ಅದು 'ಫ್ಲ್ಯಾಟ್' ಒಂಬತ್ತೋ ಅಲ್ಲವೋ ಎಂದು ಕೇಳುವವರು ಕಡಿಮೆ. ಫ್ಲ್ಯಾಟ್ ಎಂದರೆ ಅಸಲು ತೀರುತ್ತಾ ಬಂದರೂ ಬಡ್ಡಿ ಮಾತ್ರ ಮೊದಲ ದಿನದ ಅಸಲಿನ ಮೇಲೆಯೇ ಕೊನೆಯ ತನಕ. 1 ಲಕ್ಷ 71 ಸಾವಿರಕ್ಕೆ ಐದು ವರ್ಷದ ಬಡ್ಡಿ 76,950 ರೂಪಾಯಿ. ತಿಂಗಳ ಕಂತು 4,132. ಬ್ಯಾಂಕಿನ ಲೆಕ್ಕದಲ್ಲಿ ನೋಡಿದರೆ ಇದು ಒಂಬತ್ತಲ್ಲ, ಹತ್ತಿರ ಹತ್ತಿರ ಹದಿನಾರು! ಸರ್ಕಾರ ಕೊಟ್ಟ 78 ಸಾವಿರ ಸಬ್ಸಿಡಿ, ಸಾಲ ಕೊಟ್ಟವರ ಬಡ್ಡಿಗೇ ಸರಿಹೋಯಿತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಇಲ್ಲಿ ತಲೆಕೆಳಗಾಗುತ್ತದೆ. ಇಸ್ಕೊಂಡೋನೇ ಕೋಡಂಗಿ!

ಕರ್ನಾಟಕಕ್ಕೆ ಸೋಲಾರ್ ಸಾಲ ಹೊಸದೇನಲ್ಲ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕ್ ಮತ್ತು ಆಗಿನ ಸಿಂಡಿಕೇಟ್ ಬ್ಯಾಂಕ್ ಮನೆ ದೀಪದ ಸೋಲಾರಿಗೆ ಬಡ್ಡಿ ಇಳಿಸಿ ಸಾಲ ಕೊಟ್ಟವು. ಕರೆಂಟಿನ ಕಂಬವೇ ಮುಟ್ಟದ, ಮುಟ್ಟಿದರೂ ಸಂಜೆ ಹೊತ್ತು ಬೆಳಕಿಲ್ಲದ ಸಾವಿರಾರು ಮನೆಗಳಲ್ಲಿ ದೀಪ ಹತ್ತಿತು. ಅಲ್ಲಿ ಯಾರಿಗೂ ಪ್ಯಾನೆಲ್ ಪುಕ್ಕಟೆ ಕೊಡಲಿಲ್ಲ. ಜನರ ಸಂಪಾದನೆಗೆ ಹೊಂದುವ ಕಂತು ಕೊಟ್ಟರು, ಜನ ಕಟ್ಟಿದರು. ಇಪ್ಪತ್ತು ವರ್ಷದ ಹಿಂದೆ ಹಳ್ಳಿಯ ಬ್ಯಾಂಕ್ ಮ್ಯಾನೇಜರುಗಳಿಗೆ ಸಾಧ್ಯವಾದದ್ದು ಇಂದು ಪೇಟೆಯ ಶಾಖೆಗಳಿಗೆ ಯಾಕೆ ಭಾರವಾಗಬೇಕು?

ಅಂಗಡಿಕಾರರಿಗೆ ಒಂದು ಮಾತು

'ಅಂಗಡಿ ಮಾಳಿಗೆಗೂ ಸಬ್ಸಿಡಿ ಉಂಟಾ?' ಎಂಬುದು ಮಂಡಿಪೇಟೆಯ ಪ್ರಶ್ನೆ. ಇಲ್ಲ. ಈ ಸಬ್ಸಿಡಿ ಮನೆ ಮೀಟರಿಗೆ ಮಾತ್ರ. ಕೆಳಗೆ ಅಂಗಡಿ, ಮೇಲೆ ಮನೆ ಇದ್ದು ಎರಡಕ್ಕೂ ಬೇರೆ ಬೇರೆ ಮೀಟರ್ ಇದ್ದರೆ ಮನೆಯದಕ್ಕೆ ಅರ್ಜಿ ಹಾಕಬಹುದು. ಆದರೂ ಅಂಗಡಿಕಾರರು ಸುಮ್ಮನೆ ಕೈಬಿಡುವಂತಿಲ್ಲ. ವಾಣಿಜ್ಯ ಮೀಟರಿನ ದರ ಮನೆಯದಕ್ಕಿಂತ ಹೆಚ್ಚು. ಅಂಗಡಿಯ ಕರೆಂಟು ಖರ್ಚಾಗುವುದೂ ಹಗಲಲ್ಲೇ. ಐಸ್‌ಕ್ರೀಂ ಫ್ರೀಜರು, ಜೆರಾಕ್ಸ್ ಯಂತ್ರ, ಬಟ್ಟೆ ಅಂಗಡಿಯ ಸಾಲು ದೀಪ, ಹಿಟ್ಟಿನ ಗಿರಣಿ, ಎಲ್ಲ ಓಡುವುದು ಬಿಸಿಲಿರುವಾಗಲೇ. ತಯಾರಾದ ಕರೆಂಟು ಅಲ್ಲೇ ಖರ್ಚಾದರೆ ಕಡಿಮೆ ದರಕ್ಕೆ ಮಾರುವ ಪ್ರಮೇಯವಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ಸಾಮಾನಿನ ಜಿ.ಎಸ್.ಟಿ. 12ರಿಂದ 5ಕ್ಕೆ ಇಳಿದಿದೆ. ಹಳೇ ದರದ ಕೊಟೇಶನ್ ಈಗಲೂ ಕೈಗಿಟ್ಟರೆ ಕೇಳಿ ಇಳಿಸಿಕೊಳ್ಳಬೇಕು.

ಇನ್ನೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಸೋಲಾರ್ ಹಾಕಿಸಿದರೆ ಲೋಡ್ ಶೆಡ್ಡಿಂಗಿಗೆ ಹೆದರಬೇಕಿಲ್ಲ ಎಂದು. 2023ರ ಅಕ್ಟೋಬರಿನಲ್ಲಿ ಮಳೆ ಕೈಕೊಟ್ಟು ಕರೆಂಟು ಕಣ್ಣಾಮುಚ್ಚಾಲೆ ಆಡಿದ್ದು ಯಾರೂ ಮರೆತಿಲ್ಲ. ಆದರೆ ಬ್ಯಾಟರಿ ಇಲ್ಲದ, ಬೆಸ್ಕಾಂ ಲೈನಿಗೆ ಸೇರಿಸಿದ ಸೋಲಾರು ಲೈನಿನಲ್ಲಿ ಕರೆಂಟು ಹೋದ ಕ್ಷಣವೇ ತಾನೂ ನಿಲ್ಲುತ್ತದೆ. ಮಟಮಟ ಮಧ್ಯಾಹ್ನ ಬಿಸಿಲು ಸುಡುತ್ತಿದ್ದರೂ ಮನೆಯೊಳಗೆ ಫ್ಯಾನು ತಿರುಗದು. ಇದು ದೋಷವಲ್ಲ. ಕಂಬ ಹತ್ತಿದ ಲೈನ್‌ಮ್ಯಾನನ ಜೀವ ಉಳಿಸಲು ಮಾಡಿದ ಏರ್ಪಾಡು. ಮಾಳಿಗೆಯ ಕರೆಂಟು ಹಿಂದಿನಿಂದ ಲೈನಿಗೆ ಹರಿದರೆ ಅವನ ಗತಿಯೇನು? ಕರೆಂಟು ಹೋದಾಗಲೂ ಬೆಳಕು ಬೇಕೆಂದರೆ ಬ್ಯಾಟರಿ ಇರುವ ಬೇರೆ ಏರ್ಪಾಡು ಬೇಕು, ಅದಕ್ಕೆ ಬೇರೆ ದುಡ್ಡು. ಸಬ್ಸಿಡಿಯ 78 ಸಾವಿರ ಅದಕ್ಕಾಗಿ ಒಂದು ಕಾಸೂ ಹೆಚ್ಚುವುದಿಲ್ಲ.

ಮಾಳಿಗೆ ಇಲ್ಲದವರ ಪಾಡು

3 ಕಿಲೋವಾಟ್‌ಗೆ ನೆರಳಿಲ್ಲದ ಸುಮಾರು 300 ಚದರಡಿ ಜಾಗ ಬೇಕು. 30-40ರ ಸೈಟಿನ ಮಾಳಿಗೆಯಲ್ಲಿ ನೀರಿನ ಟ್ಯಾಂಕು, ಬಟ್ಟೆ ಒಣಗುವ ತಂತಿ, ಬೇಸಿಗೆಯಲ್ಲಿ ಹಪ್ಪಳ ಸಂಡಿಗೆಯ ಚಾಪೆ ಎಲ್ಲ ಆದ ಮೇಲೆ ಉಳಿಯುವುದೆಷ್ಟು? ಆದರೂ ಅವರಿಗೆ ಮಾಳಿಗೆಯಾದರೂ ಇದೆ. ಹಳೇಪೇಟೆಯ ಓಣಿಗಳ ತಗಡಿನ ಮನೆಗಳಿಗೆ, ಬಾಡಿಗೆದಾರರಿಗೆ, ಮಂಡಕ್ಕಿ ಭಟ್ಟಿಯ ಆಸುಪಾಸಿನ ಕೂಲಿ ಜನರಿಗೆ ಅದೂ ಇಲ್ಲ. ಅವರಿಗೆ ಗೃಹಜ್ಯೋತಿಯೇ ಗತಿ. ಅದನ್ನು ಹಂಗಿಸುವುದು ಯಾರಿಗೂ ಶೋಭೆಯಲ್ಲ.

ಆದರೆ ಸರ್ಕಾರದ ಬೊಕ್ಕಸದ ಲೆಕ್ಕವನ್ನೂ ಒಮ್ಮೆ ನೋಡಬೇಕು. ತಿಂಗಳಿಗೆ 120 ಯೂನಿಟ್ ಪುಕ್ಕಟೆ ಪಡೆಯುವ ಒಂದು ಮನೆಗಾಗಿ ಬರೇ ಯೂನಿಟ್ ಹಣವೇ 696 ರೂಪಾಯಿ. ವರ್ಷಕ್ಕೆ 8,352. ಇದನ್ನು ರಾಜ್ಯ ಸರ್ಕಾರ ಬೆಸ್ಕಾಂಗೆ ತುಂಬಿಕೊಡಬೇಕು, ಪ್ರತಿ ವರ್ಷ. ಇದೇ 120 ಯೂನಿಟ್ಟನ್ನು ಒಂದು ಕಿಲೋವಾಟ್ ಸೋಲಾರು ಕೊಡುತ್ತದೆ. ಸರ್ಕಾರವೇ ಹಿಡಿದ ಲೆಕ್ಕದಲ್ಲಿ ಅದರ ಬೆಲೆ 50 ಸಾವಿರ. 30 ಸಾವಿರ ದಿಲ್ಲಿ ಕೊಡುತ್ತದೆ. ಉಳಿದ 20 ಸಾವಿರವನ್ನು ಬೆಂಗಳೂರು ಒಮ್ಮೆ ಹಾಕಿದರೆ ಎರಡೂವರೆ ವರ್ಷದೊಳಗೆ ಅದು ಗೃಹಜ್ಯೋತಿಯ ಬಾಬ್ತಿನಲ್ಲೇ ವಾಪಸ್. ಆಮೇಲೆ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಆ ಮನೆಗೆ ಬೆಳಕು, ಬೊಕ್ಕಸಕ್ಕೆ ಬಿಡುವು.

ಎಲ್ಲ ಮನೆಗೂ ಇದು ಆಗದು, ಒಪ್ಪಬೇಕಾದ್ದೇ. ಪೇಟೆಯ ಬೆಲೆ 50 ಸಾವಿರಕ್ಕೆ ನಿಲ್ಲದೆ ಇರಬಹುದು. ರಾತ್ರಿಯ ಕರೆಂಟನ್ನು ಬೆಸ್ಕಾಂ ಎಲ್ಲಿಂದಲೋ ತರಲೇಬೇಕು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟ್ ಸೋಲಾರ್ ಇರುವಾಗ ಮಧ್ಯಾಹ್ನದ ಕರೆಂಟಿಗೆ ಬರವಿಲ್ಲ, ತೊಂದರೆ ಇರುವುದು ದೀಪ ಹಚ್ಚುವ ಹೊತ್ತಿಗೆ ಎಂದು ಎಂಜಿನಿಯರುಗಳು ಹೇಳುವುದರಲ್ಲೂ ಸತ್ಯವಿದೆ. ಆದರೂ ಮಾಳಿಗೆ ಇರುವ, ಗೃಹಜ್ಯೋತಿ ಪಡೆಯುತ್ತಿರುವ ಸಣ್ಣ ಮನೆಗಳಲ್ಲಿ ನೂರಕ್ಕೆ ಹತ್ತಕ್ಕಾದರೂ ಎರಡು ಯೋಜನೆಗಳನ್ನು ಹೊಲಿದು ಒಂದೇ ಅಂಗಿ ಮಾಡಬಾರದೇಕೆ? ದಿಲ್ಲಿಯವರ ಯೋಜನೆಗೆ ಬೆಂಗಳೂರು, ಬೆಂಗಳೂರಿನವರ ಯೋಜನೆಗೆ ದಿಲ್ಲಿ ಮುಖ ತಿರುಗಿಸಿದರೆ ಮಾಳಿಗೆಯ ಬಿಸಿಲು ಯಾವ ಪಕ್ಷಕ್ಕೂ ಸೇರದೆ ಸುಮ್ಮನೆ ಬಿದ್ದು ಹೋಗುತ್ತದೆ.

ದರಪಟ್ಟಿಯಲ್ಲಿ ಇನ್ನೊಂದು ಸೂಚನೆಯೂ ಇದೆ. 2025-26ಕ್ಕೆ ಯೂನಿಟ್ ದರ 10 ಪೈಸೆ ಇಳಿಯಿತು, ನಿಗದಿತ ಶುಲ್ಕ ಕಿಲೋವಾಟ್‌ಗೆ 120ರಿಂದ 145ಕ್ಕೆ ಏರಿತು. ಪ್ಯಾನೆಲ್ಲು ಉಳಿಸುವುದು ಯೂನಿಟ್ಟನ್ನು, ನಿಗದಿತ ಶುಲ್ಕವನ್ನಲ್ಲ. ದರ ಹೀಗೆಯೇ ಒಂದು ಕಡೆ ಇಳಿದು ಇನ್ನೊಂದು ಕಡೆ ಏರುತ್ತಾ ಹೋದರೆ ಸೋಲಾರಿನ ಲಾಭ ಸವೆಯುತ್ತಾ ಹೋಗುತ್ತದೆ. ಆಯೋಗದ ದರ ಯಾವಾಗಲೂ ಒಂದೇ ಥರ ಇರುವುದಿಲ್ಲ ಎಂಬುದಕ್ಕೆ ಹಳೇ ಸಾಕ್ಷಿ ಬೇಕಿದ್ದರೆ, 2013ರಲ್ಲಿ ಸಬ್ಸಿಡಿ ಇಲ್ಲದ ಮಾಳಿಗೆ ಸೋಲಾರಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಕೊಡುವುದಾಗಿ ಗೊತ್ತು ಮಾಡಿದ್ದು ಇದೇ ಆಯೋಗ. ಆಮೇಲೆ ಅದು ಇಳಿದದ್ದೇ ಇಳಿದದ್ದು.

ಸಹಿ ಹಾಕುವ ಮುನ್ನ

ಆದ್ದರಿಂದ ಮನೆಯವರು ಮೊದಲು ಮಾಡಬೇಕಾದ್ದು, ಹನ್ನೆರಡು ತಿಂಗಳ ಬಿಲ್ಲು ತೆಗೆದು ಸರಾಸರಿ ಯೂನಿಟ್ ನೋಡುವುದು. 200ರ ಒಳಗಿದ್ದರೆ ಅವಸರ ಬೇಡ. 300 ದಾಟಿದ್ದರೆ ತಡ ಬೇಡ. ನಡುವಿನವರು ಮುಂದಿನ ದಿನಗಳಲ್ಲಿ ಎ.ಸಿ., ಕರೆಂಟ್ ಸ್ಕೂಟರು ಬರುವುದಿದೆಯೇ ಎಂದು ಯೋಚಿಸಿ ಹೆಜ್ಜೆ ಇಡುವುದು ಒಳ್ಳೆಯದು. ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಬಿಲ್ಲು ಮುಂದೆ ಹೇಗೆ ಬರುತ್ತದೆ, ಗೃಹಜ್ಯೋತಿಗೆ ಏನಾಗುತ್ತದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಸಬ್ಸಿಡಿಗೆ ದೇಶದಲ್ಲೇ ತಯಾರಾದ ಪ್ಯಾನೆಲ್ಲೇ ಆಗಬೇಕು, ಯೋಜನೆಯ ಪೋರ್ಟಲಿನಲ್ಲಿ ನೋಂದಾಯಿಸಿದ ವ್ಯಾಪಾರಿಯೇ ಆಗಬೇಕು. ಮೂರು ಕಡೆ ಕೊಟೇಶನ್ ತರಿಸಿ, ಐದು ವರ್ಷ ದುರಸ್ತಿ ಯಾರದೆಂದು ಕಾಗದದಲ್ಲಿ ಬರೆಸಿಕೊಳ್ಳಬೇಕು. ಪ್ಯಾನೆಲ್ಲಿನ ಮೇಲೆ ಕೂತ ಧೂಳು ತೊಳೆಯಲು ಮಾಳಿಗೆಗೆ ನೀರಿನ ನಲ್ಲಿ ಇದೆಯೇ ಎಂದು ನೋಡುವುದನ್ನೂ ಮರೆಯಬಾರದು.

ಸಾಲದ ಫಾರಂ ಮುಂದಿಟ್ಟಾಗ ಕೇಳಬೇಕಾದ ಪ್ರಶ್ನೆ ಒಂದೇ. 'ಕೊನೆಯ ಕಂತಿನ ತನಕ ಒಟ್ಟು ಎಷ್ಟು ಕಟ್ಟಬೇಕು?' ಈ ಅಂಕಿ ಹೇಳಲು ತಡವರಿಸುವವನ ಮುಂದೆ ಪೆನ್ನು ಜೇಬಿನಲ್ಲೇ ಇರಲಿ.

ಸೂರ್ಯ ದಿನಾ ಬರುತ್ತಾನೆ, ಸಾಲ ಕೇಳುವುದಿಲ್ಲ, ಬಿಲ್ಲೂ ಕಳಿಸುವುದಿಲ್ಲ. ಅವನ ಮತ್ತು ಗ್ರಾಹಕನ ನಡುವೆ ನಿಂತವರು ಬಹಳ ಮಂದಿ. ಎರಡು ಸರ್ಕಾರ, ಒಂದು ಬ್ಯಾಂಕು, ಒಬ್ಬ ಏಜೆಂಟು, ಒಂದು ಮೀಟರು. ಇವರ ನಡುವೆ ದಾರಿ ಮಾಡಿಕೊಂಡು ಬಿಸಿಲು ಮನೆಯೊಳಗೆ ಬಂದರೆ ದಾವಣಗೆರೆಯವರು ಮೊದಲ ಬಾರಿಗೆ ಬೇಸಿಗೆಯನ್ನು ಹೊಗಳಿಯಾರು.